ಕಣ್ಣಾರೆ ನೋಡಿ ಹಾಕಿದ ಸಹಿ

ವಾಕೋಲಾ, ಸಾಂತಾಕ್ರೂಜ್, ಮುಂಬಯಿ
5 ಅಕ್ಟೋಬರ್ 1968

ಶೀಲಕ್ಕನಿಗೆ ತಮ್ಮ ಚೆನ್ನಯನ ನಮಸ್ಕಾರ.

ನಿನ್ನ ಮಗ ದೂಜ ನಿನ್ನೆ ಬೆಳಿಗ್ಗೆ ಬಂದು ಮುಟ್ಟಿದ. ಎರಡು ದಿನ ಬಸ್ಸಿನಲ್ಲಿ ಕುಳಿತು ಕಾಲು ಬಾತಿದೆ, ಅಷ್ಟೇ. ನೀನು ಕಳಿಸಿದ ಉಪ್ಪಿನಕಾಯಿ ಭರಣಿ ಒಡೆಯದೆ ಬಂದಿದೆ. ನನ್ನ ಮಗಳು ಮೋಹಿನಿ ಆಗಲೇ ಅದಕ್ಕೆ ಕೈ ಹಾಕಿದ್ದಾಳೆ.

ಇನ್ನು ಅವನು ನನ್ನ ಕೈಕೆಳಗೆ. ಅಳಿಯ ಎಂದು ಮುದ್ದು ಮಾಡುವವನಲ್ಲ ನಾನು, ಮೊದಲೇ ಹೇಳಿಬಿಡುತ್ತೇನೆ. ಮೂರು ವರ್ಷ ಗೋಡೆ ಕೊರೆದು, ಪೈಪು ಕೂರಿಸಿ, ತಂತಿ ಎಳೆದು ಕಲಿಯಬೇಕು. ಆಮೇಲೆ ‘ಇವನು ಮೂರು ವರ್ಷ ನನ್ನ ಕಣ್ಣೆದುರು ಕೆಲಸ ಮಾಡಿದ್ದಾನೆ’ ಎಂದು ನಾನು ಬರೆದುಕೊಟ್ಟರೆ ಸರ್ಕಾರದ ಪರೀಕ್ಷೆಗೆ ಕೂರಬಹುದು. ಪಾಸಾದರೆ ವಾಯರ್‌ಮನ್ ಪರ್ಮಿಟ್.

ನನ್ನ ಸಹಿ ಎಂದರೆ ಏನೆಂದು ನೀನು ಒಮ್ಮೆ ಕೇಳಿದ್ದೆ. ಯಾವ ಮನೆ, ಹೋಟೆಲು, ಕಾರ್ಖಾನೆಯ ವೈರಿಂಗ್ ಮುಗಿದರೂ ಲೈಸೆನ್ಸ್ ಇರುವ ಸುಪರ್‌ವೈಸರ್ ಹೋಗಿ ಎಲ್ಲವನ್ನೂ ಪರೀಕ್ಷಿಸಿ ಟೆಸ್ಟ್ ರಿಪೋರ್ಟಿಗೆ ಸಹಿ ಹಾಕಬೇಕು. ಆಮೇಲೆಯೇ ಅಲ್ಲಿಗೆ ಕರೆಂಟು. ನಾಳೆ ಅಲ್ಲಿ ಯಾರಿಗಾದರೂ ಶಾಕ್ ಹೊಡೆದರೆ ಕಾನೂನು ಸಹಿ ಹಾಕಿದವನ ಬಾಗಿಲು ತಟ್ಟುತ್ತದೆ. ಈ ಊರಿನಲ್ಲಿ ಮನೆಯಲ್ಲೇ ಕುಳಿತು ಸಹಿ ಮಾರುವ ಸುಪರ್‌ವೈಸರ್‌ಗಳು ಬೇಕಾದಷ್ಟಿದ್ದಾರೆ. ಹದಿನಾಲ್ಕು ವರ್ಷದಲ್ಲಿ ಕಣ್ಣಾರೆ ನೋಡದೆ ನಾನು ಒಂದು ಕಾಗದಕ್ಕೂ ಸಹಿ ಹಾಕಿಲ್ಲ. ಜಂಬ ಎಂದರೆ ಜಂಬವೇ ಸರಿ.

ಒಂದೇ ತಲೆನೋವು. ಹೋಟೆಲುಗಳಲ್ಲಿ ಈಗ ಕರೆಂಟಿನ ರುಬ್ಬುವ ಕಲ್ಲು ಬಂದಿದೆ. ಅದರ ಮೈಗೆ ಕರೆಂಟು ಹತ್ತಿದರೆ ಅದು ಮನುಷ್ಯನನ್ನು ಬಿಟ್ಟು ನೆಲಕ್ಕೆ ಇಳಿಯಲು ನಾವು ಅರ್ಥಿಂಗ್ ಎಂದು ಒಂದು ಗುಂಡಿ ಮಾಡುತ್ತೇವೆ. ತಗಡು ಹೂತು, ಇದ್ದಿಲು ಉಪ್ಪು ತುಂಬಿ, ಮಿಶನ್ನಿನಿಂದ ಅಲ್ಲಿಗೆ ಒಂದು ತಂತಿ. ಗುಂಡಿ ಒದ್ದೆಯಾಗಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ದಿನಾ ಒಂದು ಚೊಂಬು ನೀರು ಹಾಕಿ ಎಂದು ಹೋಟೆಲಿನವರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತು, ಗುಂಡಿಯೂ ಒಣಗಿತು.

ನಿನ್ನ ತಮ್ಮ
ಚೆನ್ನಯ


ಬೆಳ್ಮಣ್ಣು
19 ಅಕ್ಟೋಬರ್ 1968

ತಮ್ಮ ಚೆನ್ನಯನಿಗೆ ಶೀಲಾವತಿ ಮಾಡುವ ಆಶೀರ್ವಾದ.

ಮಗ ಮುಟ್ಟಿದ್ದು ತಿಳಿದು ಜೀವ ಬಂತು. ಬೈದು ಕಲಿಸು, ಹೊಡೆಯಬೇಡ. ಅವನದು ಮಾತು ಕಡಿಮೆ, ನಾಚಿಕೆ ಹೆಚ್ಚು. ಹಸಿವಾದರೂ ಕೇಳುವವನಲ್ಲ, ನೀನೇ ಬಡಿಸಬೇಕು.

ನಿನ್ನ ಪತ್ರವನ್ನು ಬೀಡಿ ಬ್ರಾಂಚಿಗೆ ಒಯ್ದು ಓದಿದೆ. ಬೀಡಿ ಕೊಡಲು ಬಂದ ಹೆಂಗಸರೆಲ್ಲ ಬೀಡಿಯ ಮೊರ ಮಡಿಲಲ್ಲಿಟ್ಟುಕೊಂಡು ಕೇಳಿದರು. ಬ್ರಾಂಚಿನ ಚೆಕ್ಕರ್ ಕೂಡ ಕಿವಿಗೊಟ್ಟ. ಅವನು ನಮ್ಮ ಬೀಡಿಯ ಕಟ್ಟು ಬಿಚ್ಚಿ ಒಂದೊಂದನ್ನೂ ಹೊರಳಿಸಿ ನೋಡದೆ ಪಾಸು ಮಾಡುವವನಲ್ಲ. ನಿನ್ನದೂ ಅದೇ ಕೆಲಸ ಎಂದು ಅವನಿಗೆ ಬಹಳ ಖುಷಿಯಾಯಿತು.

ಗುಂಡಿಗೆ ನೀರು ಹಾಕುವುದಿಲ್ಲ ಎಂದು ಅಳುತ್ತೀಯಲ್ಲ, ನಿನಗೆ ಬುದ್ಧಿ ಯಾವಾಗ ಬರುವುದು? ಅದರ ಮೇಲೆ ತುಳಸಿ ಇಡು. ನಮ್ಮ ಕಡೆಯವರ ಹೋಟೆಲು ಎಂದ ಮೇಲೆ ತುಳಸಿಗೆ ನೀರು ಹಾಕದೆ ಒಲೆ ಹಚ್ಚುತ್ತಾರೆಯೇ? ನೀನು ಹೇಳುವುದೇ ಬೇಡ. ಆದರೆ ಉಪ್ಪಿನ ಮೇಲೆ ನೇರ ನೆಟ್ಟರೆ ಗಿಡ ಸಾಯುತ್ತದೆ. ಮಣ್ಣಿನ ಕುಂಡದಲ್ಲಿ ನೆಟ್ಟು, ಅಡಿಯಲ್ಲಿ ದೊಡ್ಡ ತೂತು ಮಾಡಿ ಗುಂಡಿಯ ಮೇಲೆ ಕೂರಿಸು. ಗಿಡ ಕುಡಿದು ಉಳಿದದ್ದು ಕೆಳಗೆ ಇಳಿಯಲಿ.

ಶೀಲಕ್ಕ


ಸಾಂತಾಕ್ರೂಜ್
2 ಫೆಬ್ರವರಿ 1969

ಶೀಲಕ್ಕ,

ನಿನ್ನ ಕಾಲು ಹಿಡಿಯಬೇಕು. ಬಾಂದ್ರಾದಲ್ಲಿ ಎರಡು ಹೋಟೆಲು, ಪವಾಯಿಯಲ್ಲಿ ಒಂದು ಕ್ಯಾಂಟೀನು, ಮೂರು ಕಡೆಯೂ ತುಳಸಿ ಕುಂಡ ಇಟ್ಟೆ. ಮೂರು ತಿಂಗಳ ಮೇಲೆ ಹೋಗಿ ಅಳೆದು ನೋಡಿದರೆ ಗುಂಡಿಗಳು ತಂಪಾಗಿವೆ. ಗಿಡವೂ ಸೊಂಪಾಗಿದೆ. ಒಂದು ಕಡೆ ಅರಿಶಿನ ಕುಂಕುಮ ಹಚ್ಚಿ ದೀಪವನ್ನೂ ಇಟ್ಟಿದ್ದಾರೆ.

ಆದರೂ ನಾನು ಪ್ರತಿ ಕಡೆಯೂ ಧಣಿಗಳನ್ನು ಕರೆದು ನಿಲ್ಲಿಸಿ ಹೇಳುತ್ತೇನೆ: “ನೋಡಿ, ಪೂಜೆ ನಿಮ್ಮ ಇಷ್ಟ. ನೀರು ಮಾತ್ರ ದೇವರಿಗಲ್ಲ, ಕರೆಂಟಿಗೆ. ಒಂದು ದಿನವೂ ತಪ್ಪಿಸಬೇಡಿ.” ಈ ಮಾತು ಹೇಳದೆ ನಾನು ರಿಪೋರ್ಟಿಗೆ ಪೆನ್ನು ತೆಗೆಯುವುದಿಲ್ಲ.

ಪವಾಯಿಯ ಗುಂಡಿ ತೋಡಿದವನು ದೂಜ. ಅಂಗೈಯಲ್ಲಿ ಬೊಬ್ಬೆ ಬಂದರೂ ಬಾಯಿ ಬಿಡಲಿಲ್ಲ. ಮೋಹಿನಿಯೇ ನೋಡಿ ಎಣ್ಣೆ ಹಚ್ಚಿಕೊಟ್ಟಳು.

ಚೆನ್ನಯ


ಸಾಂತಾಕ್ರೂಜ್
18 ಫೆಬ್ರವರಿ 1972

ಶೀಲಕ್ಕ,

ಹೋದ ತಿಂಗಳು ದೂಜನಿಗೆ ಪರ್ಮಿಟ್ ಬಂದದ್ದು ಬರೆದಿದ್ದೆ. ಇವತ್ತಿನ ಸುದ್ದಿ ಅದಕ್ಕಿಂತ ದೊಡ್ಡದು.

ಸ್ಟೇಷನ್ ಎದುರು ಹೊಸ ಹೋಟೆಲು. ಪೂರ್ತಿ ವೈರಿಂಗ್ ದೂಜನೇ ಮಾಡಿದ. ಪರೀಕ್ಷೆಯ ದಿನ ನನಗೆ ಜ್ವರ, ಹಾಸಿಗೆಯಿಂದ ಏಳಲಾರೆ. ನಾಡಿದ್ದು ಹೋಟೆಲಿನ ಮುಹೂರ್ತ, ಧಣಿಗಳು ಚಾಳಿನ ಮೆಟ್ಟಿಲಲ್ಲೇ ನಿಂತಿದ್ದಾರೆ. ದೂಜ ಒಬ್ಬನೇ ಹೋಗಿ ಎಲ್ಲ ಅಳೆದು, ಅಂಕಿಗಳನ್ನು ಗುಂಡಗೆ ಬರೆದು ತಂದ. ಒಂದೊಂದೂ ಸರಿಯಾಗಿತ್ತು. ನಾನು ಮಲಗಿದಲ್ಲೇ ದಿಂಬಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದೆ.

ಅಕ್ಕ, ನೋಡದೆ ನಾನು ಹಾಕಿದ ಮೊದಲ ಸಹಿ ಇದು. ನಿನ್ನ ಮಗನ ಕೆಲಸ ಎಂದು ಹಾಕಿದೆ, ಅಷ್ಟು ನಂಬಿಕೆ ನನಗೆ. ನೀನು ಬೀಡಿ ಕಟ್ಟಿ ಸಾಕಿದವನು ಇವತ್ತು ನನ್ನ ಎರಡನೆಯ ಕಣ್ಣಾಗಿದ್ದಾನೆ. ಮಲಗಿದಲ್ಲೇ ಎದೆ ಉಬ್ಬಿತು.

ಚೆನ್ನಯ


ಬೆಳ್ಮಣ್ಣು
1 ಮಾರ್ಚ್ 1972

ಚೆನ್ನಯ,

ನಿನ್ನ ಪತ್ರವನ್ನು ಬ್ರಾಂಚಿನಲ್ಲಿ ನಾಲ್ಕು ಸಲ ಓದಿದೆ. ಮೂರನೆಯ ಸಲ ಕಣ್ಣಲ್ಲಿ ನೀರು ಬಂದು ಅಕ್ಷರ ಕಾಣಲಿಲ್ಲ. ಅಷ್ಟರಲ್ಲಿ ಬಾಯಿಪಾಠ ಆಗಿದ್ದರಿಂದ ತೊಂದರೆ ಆಗಲಿಲ್ಲ. ಚೆಕ್ಕರ್ ಮಾತ್ರ ಮೂಗು ಮುರಿದ. “ನಾನಾದರೆ ಜ್ವರ ಬಿಟ್ಟ ಮೇಲೆಯೇ ಪಾಸು ಮಾಡುತ್ತಿದ್ದೆ” ಎಂದ. ಅವನಿಗೆ ಹೊಟ್ಟೆಕಿಚ್ಚು.

ನಿನ್ನ ಪತ್ರಗಳೆಲ್ಲ ಬಿಸ್ಕೆಟ್ ಡಬ್ಬಿಯಲ್ಲಿವೆ. ಇದನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ.

ಶೀಲಕ್ಕ


ಸಾಂತಾಕ್ರೂಜ್
3 ಜೂನ್ 1973

ಶೀಲಕ್ಕ,

ನಾವೆಲ್ಲ ಕ್ಷೇಮ. ದೂಜ ಕ್ಷೇಮ.

ಅವನು ಹುಟ್ಟಿದ ತಾರೀಕು ಬರೆದಿರುವ ಶಾಲೆಯ ಕಾಗದ ನಿನ್ನಲ್ಲಿದ್ದರೆ ಕಳಿಸು. ಊರು ಬಿಟ್ಟ ದಿನ ಯಾವುದೆಂದು ಸರಿಯಾಗಿ ನೆನಪು ಮಾಡಿ ಬರೆ. ನನ್ನ ಹಳೆಯ ಪತ್ರಗಳು ಇನ್ನೂ ಇವೆಯೇ? ಇಲ್ಲಿ ಮಳೆ ಇನ್ನೂ ಬಂದಿಲ್ಲ. ಎಲ್ಲರೂ ಕ್ಷೇಮ.

ಚೆನ್ನಯ


ಬೆಳ್ಮಣ್ಣು
13 ಜೂನ್ 1973

ಕಳ್ಳ ಚೆನ್ನಯನಿಗೆ,

ಹುಟ್ಟಿದ ತಾರೀಕು ಕೇಳಿದರೆ ಅಕ್ಕನಿಗೆ ಅರ್ಥವಾಗದು ಎಂದುಕೊಂಡೆಯಾ? ಮೋಹಿನಿಗೆ ಹತ್ತೊಂಬತ್ತು, ದೂಜನಿಗೆ ಇಪ್ಪತ್ತೈದು. ಮಾವನ ಮಗಳು ಮನೆಗೆ ಬರಬೇಕೆಂದು ನಾನೂ ಎಷ್ಟು ವರ್ಷದಿಂದ ಕಾದಿದ್ದೇನೆ! ಇದನ್ನು ಕೇಳಲು ಶಾಲೆಯ ಕಾಗದದ ನೆಪ ಯಾಕೆ? ಶಾಲೆಯಲ್ಲಿ ಬರೆಸಿದ ತಾರೀಕು ಹೇಗೂ ಸುಳ್ಳು. ಅವನು ಹುಟ್ಟಿದ್ದು ಸೋಮವಾರ, ದನ ಹಟ್ಟಿಗೆ ಬರುವ ಹೊತ್ತು, ರೋಹಿಣಿ ನಕ್ಷತ್ರ. ಜೋಯಿಸರಿಂದ ಬರೆಸಿ ಇದರೊಳಗೆ ಇಟ್ಟಿದ್ದೇನೆ. ಊರು ಬಿಟ್ಟದ್ದು ದಸರೆ ಮುಗಿದ ಮರುದಿನ. ಒಳ್ಳೆಯ ದಿನ ನೋಡಿಯೇ ಕಳಿಸಿದ್ದು.

ಹಳೆಯ ಪತ್ರಗಳಲ್ಲಿ ಮೋಹಿನಿ ಎಣ್ಣೆ ಹಚ್ಚಿದ್ದು ಬರೆದಿದ್ದೆಯಲ್ಲ, ಅದನ್ನು ಓದಿ ನಗಬೇಕೆಂದಿದ್ದೀಯಾ? ಎಲ್ಲವೂ ಇವೆ.

ಒಂದೇ ಒಂದು ವಿಷಯ ಚುಚ್ಚುತ್ತಿದೆ. ಹನ್ನೆರಡು ಸಾಲಿನ ಪತ್ರದಲ್ಲಿ ಮೂರು ಸಲ ಕ್ಷೇಮ ಎಂದು ಯಾಕೆ ಬರೆದೆ?

ಶೀಲಕ್ಕ


ಸಾಂತಾಕ್ರೂಜ್
24 ಜೂನ್ 1973

ಶೀಲಕ್ಕ,

ನಿನ್ನ ಪತ್ರ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮದುವೆ ಸುದ್ದಿಯಲ್ಲ. ಮುಚ್ಚಿಟ್ಟದ್ದು ನನ್ನ ತಪ್ಪು.

ಮೇ 22ರಂದು ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಉದ್ದು ರುಬ್ಬುತ್ತಿದ್ದ ಕೊರಗಪ್ಪ ಎಂಬವನಿಗೆ ಶಾಕ್ ಹೊಡೆಯಿತು. ಮುಂಡ್ಕೂರಿನವನು, ನಲವತ್ತರ ಗಂಡಸು. ಮೋಟಾರಿನೊಳಗೆ ನೀರು ಹೋಗಿ ಕಲ್ಲಿನ ಮೈಗೆಲ್ಲ ಕರೆಂಟು ಹತ್ತಿತ್ತು. ಹಿಡಿದ ಕೈ ಬಿಡಲಿಲ್ಲ. ಯಾರೋ ಓಡಿ ಮೇನ್ ಸ್ವಿಚ್ ಎಳೆದ ಮೇಲೆ ಬಿದ್ದ. ಜೀವ ಉಳಿಯಿತು. ಬಲಗೈಯ ಎರಡು ಬೆರಳು ಇನ್ನೂ ಮಡಚುವುದಿಲ್ಲ. ಅರ್ಥಿಂಗ್ ಗುಂಡಿ ಏಕೋ ಒಣಗಿತ್ತು.

ಸರ್ಕಾರದ ಇಲೆಕ್ಟ್ರಿಕಲ್ ಇನ್‌ಸ್ಪೆಕ್ಟರು ವಿಚಾರಣೆ ಹಿಡಿದಿದ್ದಾರೆ. ರಿಪೋರ್ಟಿನಲ್ಲಿ ನನ್ನ ಸಹಿ ಇರುವುದರಿಂದ ನನಗೆ ನೋಟೀಸು. ಅದು ಸಹಜವೇ. ಆದರೆ ಅವರಿಗೆ ಇನ್ನೊಂದು ಸಂಶಯ ಬಂದಿದೆ. ದೂಜ ನನ್ನ ಅಳಿಯ. ಮೂರು ವರ್ಷ ಕೆಲಸ ಮಾಡದೆಯೇ ಮಾಡಿದ್ದಾನೆ ಎಂದು ಬರೆದುಕೊಟ್ಟಿರಬಹುದು ಎನ್ನುತ್ತಾರೆ. ಹಾಜರಿ ಪುಸ್ತಕ 1971ರ ಮಳೆಗೆ ಚಾಳಿಗೆ ನೀರು ನುಗ್ಗಿದಾಗ ಹಾಳಾಯಿತು. ಮೂರು ವರ್ಷ ತೋರಿಸಲಾಗದಿದ್ದರೆ ಅವನ ಪರ್ಮಿಟ್ ರದ್ದು, ಸುಳ್ಳು ಸರ್ಟಿಫಿಕೇಟ್ ಎಂದು ಇಬ್ಬರ ಮೇಲೂ ಕೇಸು. ಬೀದಿಯಲ್ಲಿ ಬಲ್ಬು ಬದಲಿಸಲೂ ಅವನನ್ನು ಯಾರೂ ಕರೆಯಲಾರರು.

ನನಗೆ ಹೊಳೆದದ್ದು ನಿನ್ನ ಡಬ್ಬಿ. ಅವನು ಬಂದ ದಿನದಿಂದ ಯಾವ ತಿಂಗಳು ಎಲ್ಲಿ ಏನು ಕೆಲಸ ಮಾಡಿದ ಎಂದು ನಿನಗೆ ಬರೆದಿದ್ದೇನೆ. ಅಂಚೆಯ ಮುದ್ರೆಯೂ ಇದೆ. ಎಲ್ಲವನ್ನೂ ರಿಜಿಸ್ಟರ್ ಮಾಡಿ ಕಳಿಸು. ಎಲ್ಲವನ್ನೂ.

ಚೆನ್ನಯ


ಬೆಳ್ಮಣ್ಣು
9 ಜುಲೈ 1973

ಚೆನ್ನಯ,

ಪತ್ರಗಳ ಕಟ್ಟನ್ನು ಇವತ್ತೇ ರಿಜಿಸ್ಟರ್ ಮಾಡಿದ್ದೇನೆ. ಬೆಳ್ಮಣ್ಣಿನ ಪೋಸ್ಟ್ ಮಾಸ್ತರರು ಕೆಂಪು ಅರಗು ಹಾಕಿ ಕೊಟ್ಟರು.

ಗುಂಡಿ ‘ಏಕೋ ಒಣಗಿತ್ತು’ ಎಂದು ಬರೆದೆಯಲ್ಲ, ನನಗೆ ಗೊತ್ತಾಗದೆಂದು? ಕೊರಗಪ್ಪ ಊರಿಗೆ ಬಂದಿದ್ದಾನೆ. ಸೀಯಾಳ ಹಿಡಿದುಕೊಂಡು ನೋಡಲು ಹೋಗಿದ್ದೆ. ಅವನೇ ಹೇಳಿದ: “ಎಂತ ಹೇಳುವುದು ಶೀಲಕ್ಕ, ಧಣಿಗಳ ತಾಯಿ ಹೋದದ್ದು ಮೇ ತಿಂಗಳಲ್ಲಿ. ಧಣಿ ಊರಿಗೆ ಹೋದ್ರು. ಮ್ಯಾನೇಜರ್ ಅವರ ದಾಯಾದಿ, ಅವರಿಗೂ ಸೂತಕ ಉಂಟಲ್ಲ. ಹದಿಮೂರು ದಿನ ತುಳಸಿಯ ಹತ್ತಿರ ಯಾರೂ ಹೋಗ್ಬಾರ್ದು ಅಂತ ಹೇಳಿದ್ದು. ಗಿಡ ಬಾಡಿದ್ದು ನಾವೆಲ್ಲ ನೋಡಿದ್ದೇವೆ. ಅದರಡಿಯಲ್ಲಿ ನಮ್ಮ ಜೀವ ಉಂಟು ಅಂತ ನಮಗೆಂತ ಗೊತ್ತು ಮಾರಾಯ್ರೆ?”

ತುಳಸಿ ಇಡು ಎಂದವಳು ನಾನು. ಗಿಡ ಸಾಯಬಾರದು, ಕುಂಡಕ್ಕೆ ತೂತು ಮಾಡು ಎಂದೆಲ್ಲ ಬುದ್ಧಿ ಹೇಳಿದವಳಿಗೆ ಸೂತಕ ಹೊಳೆಯಲಿಲ್ಲ. ನಮ್ಮಲ್ಲಿ ಒಂದು ಮನೆಗೆ ಸೂತಕವಾದರೆ ಪಕ್ಕದ ಮನೆಯವರು ಬಂದು ನೀರು ಹಾಕಿ ಹೋಗುತ್ತಾರೆ. ನಿಮ್ಮ ಮುಂಬಯಿಯಲ್ಲಿ ಪಕ್ಕದ ಮನೆ ಎಂದರೆ ಇರಾನಿ ಅಂಗಡಿ. ಅದು ನನಗೇನು ಗೊತ್ತು?

ನನ್ನ ಮನಸ್ಸು ನೋಯಬಾರದೆಂದು ನೀನು ಮುಚ್ಚಿಟ್ಟೆ. ನನಗೆ ಸಿಟ್ಟು ಬಂದಿದೆ. ನಾನೇನು ಗಾಜಿನ ಭರಣಿಯೇ?

ಶೀಲಕ್ಕ


ಸಾಂತಾಕ್ರೂಜ್
26 ಜುಲೈ 1973

ಶೀಲಕ್ಕ,

ಕಟ್ಟು ಬಂತು. ಅರಗು ಒಡೆಯದೆ ಹಾಗೆಯೇ ಇನ್‌ಸ್ಪೆಕ್ಟರ ಮೇಜಿನ ಮೇಲೆ ಇಟ್ಟೆ. ಅವರು ಮರಾಠಿಯವರು. ಕಚೇರಿಯಲ್ಲಿ ಬಿಜಾಪುರದ ಕಡೆಯ ಸಿದ್ದಲಿಂಗಪ್ಪ ಎಂಬ ಗುಮಾಸ್ತರು ಒಂದೊಂದನ್ನೇ ಓದಿ ಅವರಿಗೆ ಅರ್ಥ ಹೇಳಿದರು. ಮೂವತ್ತೇಳು ಪತ್ರ. ಪವಾಯಿಯ ಗುಂಡಿ, ಅಂಗೈಯ ಬೊಬ್ಬೆ, ಬಾಂದ್ರಾದ ಏಣಿ ಮುರಿದದ್ದು, ಎಲ್ಲ ತಾರೀಕಿನ ಸಮೇತ ಬಂತು. ಸಾಹೇಬರ ಮುಖ ಸಡಿಲವಾಯಿತು. ನನಗೆ ಉಸಿರು ಬಂತು.

ಆಮೇಲೆ ಅವರು ಕೇಳಿದರು: “18 ಫೆಬ್ರವರಿಚೇ ಪತ್ರ ಕುಠೇ ಆಹೇ?”

18 ಫೆಬ್ರವರಿಯ ಪತ್ರ ಎಲ್ಲಿದೆ ಎಂದು. ಅದು ಕಟ್ಟಿನಲ್ಲಿ ಇರಲಿಲ್ಲ ಅಕ್ಕ.

ಅದೊಂದು ಇದೆಯೆಂದು ಅವರಿಗೆ ಹೇಗೆ ಗೊತ್ತು ಎಂದು ನಿನಗೆ ಆಶ್ಚರ್ಯವಾಗಬಹುದು. ಹೇಳಿದವನು ನಾನೇ. ಮೊದಲ ದಿನದ ಹೇಳಿಕೆಯಲ್ಲೇ, ‘ಈ ಕೆಲಸವನ್ನು ನಾನು ಹೋಗಿ ನೋಡಲಿಲ್ಲ, ಜ್ವರದಲ್ಲಿ ಮಲಗಿ ಸಹಿ ಹಾಕಿದೆ, ಅಕ್ಕನಿಗೂ ಅವತ್ತೇ ಹಾಗೆಯೇ ಬರೆದಿದ್ದೇನೆ’ ಎಂದು ಬರೆಸಿದ್ದೆ. ಹೋಟೆಲಿನ ವಕೀಲರೇ ಕಿವಿಯಲ್ಲಿ ಹೇಳಿದ್ದರು, ಹೋಗಿದ್ದೆ ಎಂದುಬಿಡಿ, ನೋಡಿದವರು ಯಾರು ಎಂದು. ಆಗ ಬೇರೆ ದಾರಿಯೂ ಇತ್ತು, ಅಳಿಯ ಅಂಕಿ ತಪ್ಪು ಬರೆದುಕೊಟ್ಟ ಎನ್ನಬಹುದಿತ್ತು. ದೂಜ ತಾನಾಗಿಯೇ ಬಂದು, “ಮಾವ, ನನ್ನ ಮೇಲೆ ಹಾಕಿ. ನನಗೆ ಇನ್ನೂ ವಯಸ್ಸುಂಟು” ಎಂದ. ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಮೊದಲ ಸಲ ಬಂತು ನನಗೆ.

ಅವನ ಕೆಲಸದಲ್ಲಿ ತಪ್ಪಿರಲಿಲ್ಲ. ತಪ್ಪು ಎಲ್ಲಿತ್ತೆಂದು ನನಗೆ ಗೊತ್ತು. ಪ್ರತಿ ಹೋಟೆಲಿನಲ್ಲೂ ಧಣಿಗಳನ್ನು ನಿಲ್ಲಿಸಿ ನಾನು ಹೇಳುವ ಮಾತು ಇದೆಯಲ್ಲ, ನೀರು ದೇವರಿಗಲ್ಲ ಕರೆಂಟಿಗೆ ಎಂದು, ಅದನ್ನು ಇಲ್ಲಿ ಯಾರೂ ಹೇಳಲಿಲ್ಲ. ದೂಜ ನಾಚಿಕೆಯವನು, ಕುಂಡ ಇಟ್ಟು ಬಂದ. ಹೇಳಬೇಕಾದವನು ನಾನು, ನಾನು ಹಾಸಿಗೆಯಲ್ಲಿದ್ದೆ. ಬಾಂದ್ರಾದ ಒಂದು ಹೋಟೆಲಿನಲ್ಲಿ ಹೋದ ವರ್ಷ ಸೂತಕವಾದಾಗ ಅಲ್ಲಿನ ಧಣಿ ಪಕ್ಕದ ಬೋರಿ ಮುಸಲ್ಮಾನರ ಅಂಗಡಿಯವನನ್ನು ಕರೆದು ನೀರು ಹಾಕಿಸಿದ್ದರಂತೆ. ಅವರಿಗೆ ಗೊತ್ತಿತ್ತು.

ಈಗ ಸಾಹೇಬರು ಹೇಳುತ್ತಾರೆ: ಬೇಡವಾದದ್ದನ್ನು ತೆಗೆದು ಕಳಿಸಿದ ಕಟ್ಟನ್ನು ನಂಬುವುದು ಹೇಗೆ? ಉಳಿದ ಮೂವತ್ತೇಳನ್ನೂ ನಿನ್ನೆ ಮೊನ್ನೆ ಕುಳಿತು ಬರೆದಿರಬಹುದಲ್ಲ? ದೂಜನ ಮೂರು ವರ್ಷ ಈಗ ಆ ಒಂದು ಪತ್ರದ ಮೇಲೆ ನಿಂತಿದೆ. ಸಿದ್ದಲಿಂಗಪ್ಪನವರು ಹೊರಗೆ ಬಂದು ನನ್ನ ಭುಜ ಹಿಡಿದು, “ಏನ್ರೀ ಚೆನ್ನಯನವರ, ಆ ಪತ್ರ ಬಂತಂದ್ರ ನಿಮ್ಮ ಲೈಸೆನ್ಸ್ ಹೋಗ್ತದ. ಬರ್ಲಿಲ್ಲಂದ್ರ ಹುಡುಗನ ಪರ್ಮಿಟ್ ಹೋಗ್ತದ. ವಿಚಾರ ಮಾಡ್ರಿ” ಎಂದರು.

ವಿಚಾರ ಮಾಡಿ ಆಗಿದೆ. ಕಳಿಸು.

ಚೆನ್ನಯ


ಬೆಳ್ಮಣ್ಣು
4 ಆಗಸ್ಟ್ 1973

ತಮ್ಮ,

ಪತ್ರ ಇದರೊಂದಿಗಿದೆ.

ಸ್ಟೇಷನ್ ಎದುರಿನ ಹೋಟೆಲು ಎಂದು ನೀನು ಬರೆದ ಕೂಡಲೇ ನನಗೆ ತಿಳಿಯಿತು. ಬಾಯಿಪಾಠ ಇರುವ ಪತ್ರವಲ್ಲವೇ? ‘ನೋಡದೆ ನಾನು ಹಾಕಿದ ಮೊದಲ ಸಹಿ’ ಎಂಬ ಸಾಲನ್ನು ಇಡೀ ಬ್ರಾಂಚಿಗೆ ಕೂಗಿ ಓದಿದವಳು ನಾನು. ಅದೇ ಸಾಲು ಸರ್ಕಾರದ ಕೈಗೆ ಸಿಕ್ಕಿದರೆ ನಿನ್ನ ಕುತ್ತಿಗೆಗೆ ಬರುತ್ತದೆ ಎಂದು ತೆಗೆದು ಅಕ್ಕಿ ಮುಡಿಯ ಕೆಳಗಿಟ್ಟೆ. ಮಗನನ್ನು ಉಳಿಸಲು ಮೂವತ್ತೇಳು ಕಳಿಸಿದೆ, ತಮ್ಮನನ್ನು ಉಳಿಸಲು ಒಂದು ಇಟ್ಟುಕೊಂಡೆ. ಬಹಳ ಜಾಣೆ ಎಂದುಕೊಂಡಿದ್ದೆ. ಇಬ್ಬರನ್ನೂ ಮುಳುಗಿಸುತ್ತಿದ್ದೆ.

ನಿನಗೆ ಹೇಳದೆ ಇನ್ನೊಂದು ಕೆಲಸ ಮಾಡಿದ್ದೇನೆ. ಸಾಹೇಬರಿಗೆ ನನ್ನದೇ ಒಂದು ಪತ್ರ ಒಳಗಿದೆ. ಸಿದ್ದಲಿಂಗಪ್ಪನವರು ಓದಿ ಹೇಳಲಿ. ಅದರಲ್ಲಿ ಇಷ್ಟೇ ಇದೆ: ‘ಪತ್ರ ತೆಗೆದಿಟ್ಟವಳು ನಾನು, ನನ್ನ ತಮ್ಮ ಅಲ್ಲ. ಗುಂಡಿಯ ಮೇಲೆ ತುಳಸಿ ಇಡಲು ಹೇಳಿದವಳೂ ನಾನು. ತಪ್ಪು ಬರೆಯುವಾಗ ನನ್ನ ಹೆಸರನ್ನೂ ಸೇರಿಸಿ ಬರೆಯಬೇಕು. ಗಿಡಕ್ಕೆ ಸೂತಕವಿಲ್ಲ ಎಂದು ಹೋಟೆಲಿನವರಿಗೆ ತಿಳಿಸಬೇಕು.’ ಕೆಳಗೆ ಶೀಲಾವತಿ ಎಂದು ಪೂರ್ತಿ ಸಹಿ ಹಾಕಿದ್ದೇನೆ. ನಾಲ್ಕನೆಯ ಕ್ಲಾಸಿನ ನಂತರ ಪೂರ್ತಿ ಹೆಸರು ಬರೆದದ್ದು ಇದೇ ಮೊದಲು.

ಶೀಲಕ್ಕ


ಸಾಂತಾಕ್ರೂಜ್
2 ನವೆಂಬರ್ 1973

ಶೀಲಕ್ಕ,

ನಿನ್ನೆ ಆರ್ಡರ್ ಬಂತು.

ದೂಜ ಮೂರು ವರ್ಷ ಕೆಲಸ ಮಾಡಿದ್ದು ನಿಜ, ನನ್ನ ಸರ್ಟಿಫಿಕೇಟ್ ನಿಜ, ಅವನ ಪರ್ಮಿಟ್‌ಗೆ ಧಕ್ಕೆ ಇಲ್ಲ. ಇದನ್ನು ಮೊದಲು ಓದಿಕೋ. ಎರಡು ಸಲ ಓದಿಕೋ.

ನನ್ನ ಲೈಸೆನ್ಸ್ ಒಂದು ವರ್ಷ ಅಮಾನತು. ಸ್ಥಳಕ್ಕೆ ಹೋಗದೆ ಸಹಿ ಹಾಕಿದ್ದಕ್ಕೆ. ಆರ್ಡರ್ ಓದಿ ಮುಗಿಸಿ ಸಾಹೇಬರು ನನ್ನನ್ನು ನೋಡಿದರು. “ಇಪ್ಪತ್ತು ವರ್ಷದಲ್ಲಿ ತಾನು ಹೋಗಲಿಲ್ಲ ಎಂದು ಈ ಮೇಜಿನ ಎದುರು ಒಪ್ಪಿಕೊಂಡ ಸುಪರ್‌ವೈಸರ್ ನೀವೊಬ್ಬರೇ” ಎಂದು ಮರಾಠಿಯಲ್ಲಿ ಹೇಳಿದರು. ಶಿಕ್ಷೆ ತೆಗೆದುಕೊಂಡು ಹೊರಗೆ ಬರುವಾಗ ನನ್ನ ತಲೆ ತಗ್ಗಿರಲಿಲ್ಲ ಅಕ್ಕ. ಯಾಕೆಂದು ನನಗೇ ಆಶ್ಚರ್ಯ.

ನಿನ್ನ ಹೆಸರನ್ನು ತಪ್ಪಿನ ಕಾಲಮ್ಮಿಗೆ ಸೇರಿಸಲು ಕಾನೂನಿನಲ್ಲಿ ಜಾಗವಿಲ್ಲವಂತೆ. ಆದರೆ ನಿನ್ನ ಮಾತು ಆರ್ಡರಿನ ಕೊನೆಯಲ್ಲಿ ಬಂದಿದೆ. ಕುಂಡ ಇರಬಹುದು. ಅದರ ಕೆಳಗೆ ಏನಿದೆಯೆಂದು ಬೋರ್ಡು ಬರೆಸಬೇಕು. ನೀರು ಹಾಕುವವರು ಯಾರು, ಮನೆಯಲ್ಲಿ ಸಾವಾದರೆ ಬದಲಿ ಯಾರು ಎಂದು ಹೆಸರು ಬರೆದು ಇಬ್ಬರಿಂದಲೂ ಸಹಿ ಪಡೆಯಬೇಕು.

ಹೋಟೆಲಿನಲ್ಲಿ ಈ ಹೊಣೆ ಯಾರು ಹೊರುತ್ತೀರಿ ಎಂದು ಧಣಿಗಳು ಕೇಳಿದಾಗ ಮುಂದೆ ಬಂದವನು ಕೊರಗಪ್ಪ. ಊರಿನಿಂದ ವಾಪಸು ಬಂದು ಈಗ ಕೌಂಟರಿನಲ್ಲಿ ಟೋಕನ್ ಕೊಡುತ್ತಾನೆ. “ನಾನೇ ಹಾಕ್ತೇನೆ ಧಣಿ, ನನ್ನಷ್ಟು ನೆನಪು ಯಾರಿಗೆ ಇರ್ತದೆ?” ಎಂದ. ಬಲಗೈಯಲ್ಲಿ ಪೆನ್ನು ನಿಲ್ಲುವುದಿಲ್ಲ. ಎಡಗೈಯಲ್ಲಿ ಸಹಿ ಹಾಕಿದ. ನಾನು ಅವನೆದುರು ಕೈ ಮುಗಿದೆ. ಅವನು ನನ್ನ ಕೈಗೆ ಚಹಾ ಕೊಟ್ಟ.

ದೂಜ ಈಗ ಸುಪರ್‌ವೈಸರ್ ಪರೀಕ್ಷೆಗೆ ಕೂರಬಹುದು. ಅದಕ್ಕೊಬ್ಬ ಸುಪರ್‌ವೈಸರ್ ಬರೆದುಕೊಡಬೇಕು. ದಾದರಿನ ಒಬ್ಬರು ತಾವೇ ಕೊಡುತ್ತೇನೆಂದರು. ಇವನು ಬೇಡ ಎಂದ. ನನ್ನ ಸಹಿ ವಾಪಸು ಬರುವವರೆಗೆ ಕಾಯುತ್ತಾನಂತೆ. ಮೊಂಡ, ನಿನ್ನಂತೆಯೇ.

ಚೆನ್ನಯ


ಬೆಳ್ಮಣ್ಣು
15 ನವೆಂಬರ್ 1973

ಚೆನ್ನಯ,

ಎರಡು ಸಲವಲ್ಲ, ಹತ್ತು ಸಲ ಓದಿಕೊಂಡೆ. ಬ್ರಾಂಚಿನಲ್ಲೂ ಓದಿದೆ, ನಿನ್ನ ಶಿಕ್ಷೆಯನ್ನೂ ಬಿಡದೆ. ಚೆಕ್ಕರ್ ಎದ್ದು ನಿಂತು, “ನಿಮ್ಮ ತಮ್ಮನಿಗೆ ನನ್ನ ನಮಸ್ಕಾರ ಬರೆಯಿರಿ” ಎಂದ. ಬರೆದಿದ್ದೇನೆ.

ಮೂವತ್ತೇಳು ಪತ್ರ ಡಬ್ಬಿಗೆ ವಾಪಸು ಬಂದವು. ಎಲ್ಲಕ್ಕಿಂತ ಮೇಲಿದ್ದದ್ದು ಮಾತ್ರ ಬರಲಿಲ್ಲ. ಸರ್ಕಾರದ ಫೈಲಿನಲ್ಲೇ ಇರುತ್ತದಂತೆ. ಡಬ್ಬಿ ತೆಗೆದಾಗಲೆಲ್ಲ ಅದರ ಜಾಗಕ್ಕೆ ಕಣ್ಣು ಹೋಗುತ್ತದೆ. ಅದನ್ನು ಮತ್ತೊಮ್ಮೆ ಬರೆದು ಕಳಿಸು.

ಮೋಹಿನಿಯನ್ನು ಕೇಳಿದೆಯಾ? ಜೋಯಿಸರ ಕಾಗದ ವ್ಯರ್ಥವಾಗಬಾರದು.

ಶೀಲಕ್ಕ


ಸಾಂತಾಕ್ರೂಜ್
9 ಡಿಸೆಂಬರ್ 1974

ಶೀಲಕ್ಕ,

ನೀನು ಕೇಳಿದ ಪತ್ರ ಬರೆಯಲು ಒಂದು ವರ್ಷ ಹಿಡಿಯಿತು. ಸಹಿ ಇಲ್ಲದವನು ಆ ಪತ್ರ ಹೇಗೆ ಬರೆಯಲಿ?

ಹೋದ ತಿಂಗಳು ಲೈಸೆನ್ಸ್ ವಾಪಸು ಬಂತು. ಮೊದಲ ಕೆಲಸ ಅದೇ ಹೋಟೆಲಿನದು. ಧಣಿಗಳು ಅಡುಗೆಮನೆ ದೊಡ್ಡದು ಮಾಡಿ ಪೂರ್ತಿ ಹೊಸ ವೈರಿಂಗ್ ಮಾಡಿಸಿದರು, ದೂಜನಿಂದಲೇ. ಪರೀಕ್ಷೆಗೆ ನಿನ್ನೆ ಹೋಗಿದ್ದೆ. ಜ್ವರವಿರಲಿಲ್ಲ. ಇದ್ದಿದ್ದರೂ ನಾಲ್ಕು ಜನರ ಹೆಗಲ ಮೇಲೆ ಹೋಗುತ್ತಿದ್ದೆ. ಮೂರು ಗಂಟೆ ಹೊತ್ತು ಒಂದೊಂದು ಬೋರ್ಡು ಬಿಚ್ಚಿಸಿದೆ, ಒಂದೊಂದು ತಂತಿ ಎಳೆದು ನೋಡಿದೆ. ಹುಡುಕಿ ಹುಡುಕಿ ಒಂದು ತಪ್ಪು ಸಿಕ್ಕಿತು. ಉಗ್ರಾಣದ ಒಂದು ಸ್ವಿಚ್ಚನ್ನು ತಲೆಕೆಳಗು ಕೂರಿಸಿದ್ದ. ನನ್ನೆದುರೇ ತಿರುಗಿಸಿದ. ಕುಂಡದ ಹತ್ತಿರ ಹೋದಾಗ ಧಣಿಗಳಿಗೆ ನಾನು ಹೇಳಬೇಕಾದ ಮಾತನ್ನು ನಿನ್ನ ಮಾತಿಲ್ಲದ ಮಗನೇ ಗಟ್ಟಿಯಾಗಿ ಹೇಳಿದ. ಅಡುಗೆಯವರು, ಸಪ್ಲೈಯರ್‌ಗಳು, ಪಾತ್ರೆ ತೊಳೆಯುವವರು ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ. ಕೊರಗಪ್ಪ ಪಕ್ಕದಲ್ಲಿ ಎಡಗೈಯಲ್ಲಿ ಚೊಂಬು ಹಿಡಿದು ನಿಂತಿದ್ದ. ಮಣ್ಣು ಮುಟ್ಟಿ ನೋಡಿದೆ, ತಣ್ಣಗಿತ್ತು.

ಆಮೇಲೆ ಪೆನ್ನು ತೆಗೆದೆ. ಒಂದು ಸಹಿ ರಿಪೋರ್ಟಿಗೆ. ಇನ್ನೊಂದು ದೂಜನ ಸುಪರ್‌ವೈಸರ್ ಪರೀಕ್ಷೆಯ ಕಾಗದಕ್ಕೆ. ಮೋಹಿನಿಯನ್ನೂ ಕೇಳಿದೆ. ‘ಪಹಿಲೇ ಸುಪರ್‌ವೈಸರ್ ಬನ್‌ನೇ ದೋ ಪಪ್ಪಾ, ಅವನು ಮೊದಲು ಪಾಸಾಗ್ಲಿ, ಫಿರ್ ಹೇಳ್ತೇನೆ’ ಎಂದು ನಕ್ಕು ಒಳಗೆ ಹೋದಳು. ಇಲ್ಲ ಎನ್ನಲಿಲ್ಲ.

ಡಬ್ಬಿಯ ಖಾಲಿ ಜಾಗದಲ್ಲಿ ಇದನ್ನು ಇಡು. ಹಳೆಯದರಲ್ಲಿ ನಿನ್ನ ಮಗನ ಕೆಲಸವನ್ನು ನಂಬಿ ಹೊಗಳಿದ್ದೆ. ಈಗ ಕಣ್ಣಾರೆ ನೋಡಿ ಹೇಳುತ್ತಿದ್ದೇನೆ ಅಕ್ಕ, ಚೆನ್ನಾಗಿ ಮಾಡಿದ್ದಾನೆ. ಬ್ರಾಂಚಿನಲ್ಲಿ ಎಷ್ಟು ಸಲ ಬೇಕಾದರೂ ಓದು.

ಚೆನ್ನಯ